ಎಂಟು ಬೀಳುವ ಲೆಕ್ಕ

ಕೋಲಾರ ಜಿಲ್ಲೆಯಲ್ಲಿ ಇಸ್ಪೀಟು ಮುಟ್ಟದವರೂ ಜೂಜಾಡುತ್ತಾರೆ. ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲದ ಸೀಮೆ ಇದು. ಸಾವಿರದ ಇನ್ನೂರು ಅಡಿ ಕೊರೆಸಿದರೂ ದೂಳೇ ಬರಬಹುದು, ಎರಡಿಂಚು ನೀರೂ ಬರಬಹುದು. ಕೋಲಾರದ ಎಪಿಎಂಸಿಗೆ ಹೋದ ಟೊಮೇಟೊ ಮಗಳ ಮದುವೆ ಮಾಡಿಸಬಹುದು, ರಸ್ತೆ ಬದಿಯ ಚರಂಡಿಗೂ ಬೀಳಬಹುದು. ಶ್ರೀನಿವಾಸಪುರದ ಮಾವು ಮರ ತುಂಬ ಹೂ ಬಿಟ್ಟು, ಮಿಡಿಯಲ್ಲೇ ಉದುರಿಹೋಗಬಹುದು. ಇಂಥ ಕಡೆಯ ಮಕ್ಕಳು ಕಾಲೇಜಿಗೆ ಹೋಗಿ ಸಂಖ್ಯಾಶಾಸ್ತ್ರದ ಮೊದಲ ಪಾಠದಲ್ಲಿ ಕಾಣುವುದು ಮಾತ್ರ ನಾಣ್ಯ, ದಾಳ, ಬಣ್ಣದ ಚೆಂಡು ತುಂಬಿದ ಚೀಲ.

ಆ ಪಾಠವನ್ನು ಇಬ್ಬರ ಬಾಯಿಗೆ ಹಾಕಿ ನೋಡೋಣ ಅನಿಸಿತು. ಒಬ್ಬರು ಶ್ರೀನಿವಾಸಪುರದ ಕಡೆಯ ರೈತರು; ಮನೆಯಲ್ಲಿ ತೆಲುಗು, ಮಂಡಿಯಲ್ಲಿ ಕನ್ನಡ. ಇನ್ನೊಬ್ಬಳು ಅವರ ತಮ್ಮನ ಮಗಳು, ಕೋಲಾರದಲ್ಲಿ ಬಿ.ಎಸ್ಸಿ. ಓದುತ್ತಿರುವವಳು. ಇಬ್ಬರೂ ನಾನು ಕಟ್ಟಿದ ಪಾತ್ರಗಳು, ಹೆಸರಿನ ಅಗತ್ಯವಿಲ್ಲ. ಐದನೇ ಬೋರು ಕೊರೆಸಬೇಕೋ ಬೇಡವೋ ಎಂಬಲ್ಲಿಂದ ಮಾತು ಶುರುವಾಗಿದೆ.

ದೊಡ್ಡಪ್ಪ: ಇದರಲ್ಲಿ ಲೆಕ್ಕ ಏನಮ್ಮಾ ಬಂತು? ಬಿದ್ರೆ ನೀರು, ಇಲ್ಲಾಂದ್ರೆ ದೂಳು. ಎರಡೇ. ಫಿಫ್ಟಿ ಫಿಫ್ಟಿ.

ಹುಡುಗಿ: ಎರಡೇ ಫಲಿತ ಅನ್ನೋದು ಸರಿ ದೊಡ್ಡಪ್ಪ. ಅರ್ಧಕ್ಕರ್ಧ ಅನ್ನೋದು ಎಲ್ಲಿಂದ ಬಂತು? ಕೆಜಿಎಫ್ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ನಾಳೆ ಮತ್ತೆ ತೆರೀತಾರೆ, ಇಲ್ಲವೇ ತೆರೆಯಲ್ಲ. ಅಲ್ಲೂ ಎರಡೇ. ಹಾಗಂತ ಯಾರಾದ್ರೂ ಅರ್ಧಕ್ಕರ್ಧ ಆಸೆ ಇಟ್ಕೊಂಡು ಕೂತಿದ್ದಾರಾ?

ದೊಡ್ಡಪ್ಪ: ಪ್ರತಿ ಎಲೆಕ್ಷನ್‌ಗೂ ಇಟ್ಕೊತಾರೆ ತಾಯಿ. ಇರಲಿ. ನಿನ್ನ ಪುಸ್ತಕದಲ್ಲಿ ನಾಣ್ಯಕ್ಕೆ ಅರ್ಧರ್ಧ ಅಂತಾರಲ್ಲ, ಅದು ಎಲ್ಲಿಂದ ಬಂತು?

ಹುಡುಗಿ: ನಾಣ್ಯದ ಎರಡು ಮುಖಾನೂ ಒಂದೇ ಥರ. ಒಂದು ಜಾಸ್ತಿ ಬೀಳುತ್ತೆ ಅನ್ನೋಕೆ ಕಾರಣ ಇಲ್ಲ. ಅದಕ್ಕೆ ಸಮ ಪಾಲು.

ದೊಡ್ಡಪ್ಪ: ನನ್ನ ಹೊಲದ ಕೆಳಗೆ ಏನೈತೆ ಅಂತ ನನಗೂ ಗೊತ್ತಿಲ್ಲ. ನೀರೇ ಜಾಸ್ತಿ, ದೂಳೇ ಜಾಸ್ತಿ ಅನ್ನೋಕೆ ನನ್ನ ಹತ್ರಾನೂ ಕಾರಣ ಇಲ್ಲ. ನೀನು ಅಂದ್ರೆ ಶಾಸ್ತ್ರ, ನಾನು ಅಂದ್ರೆ ಹಳ್ಳಿ ಮಾತಾ?

(ಈ ಏಟಿಗೆ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಉತ್ತರ ಕೊಡುವುದಿಲ್ಲ. ‘ಸಮಸಂಭವನೀಯ ಫಲಿತಗಳು’ ಎಂದು ಒಂದು ಸಾಲು ಬರೆದು ಮುಂದಿನ ಪುಟಕ್ಕೆ ಹೋಗಿಬಿಡುತ್ತವೆ.)

ಹುಡುಗಿ: ನಾಣ್ಯದ ಮುಖ ಎರಡನ್ನೂ ನೋಡಿ, ಒಂದೇ ಥರ ಇವೆ ಅಂತ ತಿಳಿದು ಹೇಳ್ತಾ ಇದ್ದೀನಿ. ನೀವು ಏನೂ ತಿಳಿಯದೆ ಹೇಳ್ತಾ ಇದ್ದೀರಿ. ಅದೇ ವ್ಯತ್ಯಾಸ. ಆದ್ರೆ ನೀವು ಎಡವಿದ ಕಡೆ ದೊಡ್ಡ ದೊಡ್ಡೋರೇ ಎಡವಿದ್ದಾರೆ ಬಿಡಿ. ಫ್ರಾನ್ಸಿನಲ್ಲಿ ದಲಾಂಬೇರ್ ಅಂತ ಒಬ್ಬ ಗಣಿತಜ್ಞ. 1754ರಲ್ಲಿ ವಿಶ್ವಕೋಶಕ್ಕೆ ಬರೆದ ಲೇಖನದಲ್ಲಿ ಅವನ ಪ್ರಶ್ನೆ ಇಷ್ಟೇ: ನಾಣ್ಯನ ಎರಡು ಸಲ ಚಿಮ್ಮಿದ್ರೆ ಒಂದು ಸಲವಾದ್ರೂ ತಲೆ ಬೀಳೋ ಸಂಭವ ಎಷ್ಟು? ಮೊದಲನೇ ಸಲವೇ ತಲೆ ಬಿತ್ತು, ಆಟ ಮುಗೀತು. ಇಲ್ಲವೇ ಮೊದಲು ಬಾಲ, ಆಮೇಲೆ ತಲೆ. ಇಲ್ಲವೇ ಎರಡೂ ಬಾಲ. ಒಟ್ಟು ಮೂರು, ಅದರಲ್ಲಿ ಗೆಲುವು ಎರಡು, ಹಾಗಾಗಿ ಮೂರರಲ್ಲಿ ಎರಡು ಪಾಲು ಅಂದ.

ದೊಡ್ಡಪ್ಪ: ಸರಿಯಾಗೇ ಅಂದವ್ನಲ್ಲ!

ಹುಡುಗಿ: ಪಟ್ಟಿ ಸರಿ, ತೂಕ ತಪ್ಪು. ಮೊದಲನೇ ಸಲ ತಲೆ ಬಿದ್ದ ಮೇಲೂ ಇನ್ನೊಮ್ಮೆ ಚಿಮ್ಮಿ ನೋಡಿ. ತಲೆ-ತಲೆ, ತಲೆ-ಬಾಲ, ಬಾಲ-ತಲೆ, ಬಾಲ-ಬಾಲ. ನಾಲ್ಕು ಆಯ್ತು. ಅವನು ಒಂದು ಅಂತ ಎಣಿಸಿದ್ದರೊಳಗೆ ಎರಡು ಅಡಗಿದ್ವು. ಸರಿಯಾದ ಉತ್ತರ ನಾಲ್ಕರಲ್ಲಿ ಮೂರು. ಈ ನಾಲ್ಕರ ಪಟ್ಟಿಗೇ ಫಲಿತಗಣ ಅನ್ನೋದು, ಸ್ಯಾಂಪಲ್ ಸ್ಪೇಸ್. ಆಗಬಹುದಾದದ್ದೆಲ್ಲ ಅದರೊಳಗೆ ಇರಬೇಕು, ಒಂದಾದ್ರೆ ಇನ್ನೊಂದು ಆಗಿರಬಾರದು. ‘ಒಂದು ಸಲವಾದ್ರೂ ತಲೆ’ ಅನ್ನೋದು ಆ ಪಟ್ಟಿಯಿಂದ ಆರಿಸಿದ ಗುಂಪು. ಅದಕ್ಕೆ ಘಟನೆ ಅಂತೀವಿ.

ದೊಡ್ಡಪ್ಪ: ನಾಣ್ಯ ಬಿಡು. ಚೌಕಾಬಾರದ ಲೆಕ್ಕ ಹೇಳು ನೋಡೋಣ. ಹುಣಸೆ ಬೀಜ ನಾಲ್ಕು, ಒಂದು ಕಡೆ ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿರ್ತೀವಿ. ಎಷ್ಟು ಬಿಳಿ ಮೇಲೆ ಬಂತೋ ಅಷ್ಟು ಮನೆ. ನಾಲ್ಕೂ ಬಿಳಿ ಆದ್ರೆ ಚೌಕ, ನಾಲ್ಕು ಮನೆ. ನಾಲ್ಕೂ ಕರಿ ಆದ್ರೆ ಬಾರ, ಎಂಟು ಮನೆ. ಯಾವುದು ಎಷ್ಟು ಸಲ ಬೀಳ್ತದೆ?

ಹುಡುಗಿ: ಒಂದೊಂದು ಬೀಜಕ್ಕೆ ಎರಡು ಮುಖ. ಎರಡನ್ನ ನಾಲ್ಕು ಸಲ ಗುಣಿಸಿದ್ರೆ 16. ಆಟದಲ್ಲಿ ಬೀಳೋದು ಐದೇ ಅಂಕಿ: 1, 2, 3, 4, 8. ಹಾಗಂತ ಐದರಲ್ಲಿ ಒಂದೊಂದು ಪಾಲು ಅಂದ್ರೆ ದಲಾಂಬೇರನ ತಪ್ಪೇ ಆಯ್ತು. ಒಂದೇ ಬಿಳಿ ಬರೋ ದಾರಿ ನಾಲ್ಕು, ಯಾಕಂದ್ರೆ ನಾಲ್ಕರಲ್ಲಿ ಯಾವ ಬೀಜ ಬೇಕಾದ್ರೂ ಬಿಳಿ ಆಗಬಹುದು. ಎರಡು ಬಿಳಿಗೆ ದಾರಿ ಆರು. ಮೂರಕ್ಕೆ ನಾಲ್ಕು. ಚೌಕಕ್ಕೆ ಒಂದು, ಬಾರಕ್ಕೆ ಒಂದು. ಕೂಡಿ, 16 ಸರಿಹೋಯ್ತು. ಹದಿನಾರು ಎಸೆತಕ್ಕೆ ಹೆಚ್ಚುಕಮ್ಮಿ ಒಂದು ಚೌಕ, ಒಂದು ಬಾರ.

ದೊಡ್ಡಪ್ಪ: ಸುಳ್ಳು.

ಹುಡುಗಿ: ಏನು ಸುಳ್ಳು?

ದೊಡ್ಡಪ್ಪ: ನಮ್ಮಮ್ಮನ ಕಾಲದ ಬೀಜ ಇನ್ನೂ ಡಬ್ಬಿಯಲ್ಲಿ ಅವೆ. ಚೌಕ ಬೀಳೋದು ಅಪರೂಪ, ಬಾರ ಅದಕ್ಕಿಂತ ಎಷ್ಟೋ ಜಾಸ್ತಿ. ಮನೇಲಿ ಯಾರನ್ನ ಬೇಕಾದ್ರೂ ಕೇಳು. ಉಜ್ಜಿದ ಮುಖ ಚಪ್ಪಟೆ, ಇನ್ನೊಂದು ಉಬ್ಬು. ಬೀಜ ಚಪ್ಪಟೆ ಮೇಲೆ ಕೂರೋಕೆ ನೋಡ್ತದೆ. ಕರಿ ಮೇಲೆ ಬರ್ತದೆ.

ಹುಡುಗಿ: ಸರಿ, ಒಪ್ಪಿದೆ. ಹತ್ತು ಸಲಕ್ಕೆ ನಾಲ್ಕು ಸಲ ಮಾತ್ರ ಬಿಳಿ ಬೀಳುತ್ತೆ ಅಂತ ಇಟ್ಕೊಳ್ಳೋಣ. ನಾಲ್ಕೂ ಬಿಳಿ ಅಂದ್ರೆ 0.4ನ್ನ ನಾಲ್ಕು ಸಲ ಗುಣಿಸಬೇಕು, ಹತ್ತು ಸಾವಿರಕ್ಕೆ 256. ನಾಲ್ಕೂ ಕರಿ ಅಂದ್ರೆ 0.6ನ್ನ ನಾಲ್ಕು ಸಲ, ಹತ್ತು ಸಾವಿರಕ್ಕೆ 1296. ಚೌಕಕ್ಕಿಂತ ಬಾರ ಐದು ಪಟ್ಟು ಜಾಸ್ತಿ! ಬೀಜ ಒಂಚೂರು ವಾಲಿದ್ದಕ್ಕೆ ಆಟದಲ್ಲಿ ಐದು ಪಟ್ಟು.

ದೊಡ್ಡಪ್ಪ: ನೋಡಿದ್ಯಾ. ನಿನ್ನ ಹದಿನಾರರ ಪಟ್ಟಿ ಏನಾಯ್ತು?

ಹುಡುಗಿ: ಏನೂ ಆಗಲಿಲ್ಲ. ಹದಿನಾರು ಸಾಲೂ ಹಾಗೇ ಇವೆ. ಸಾಲಿನ ಮುಂದಿದ್ದ ತೂಕ ಬದಲಾಯ್ತು ಅಷ್ಟೇ. ಏನೇನು ಆಗಬಹುದು ಅನ್ನೋದು ಬೇರೆ, ಯಾವುದು ಎಷ್ಟು ಆಗಬಹುದು ಅನ್ನೋದು ಬೇರೆ. ರಷ್ಯಾದ ಕೊಲ್ಮಗೊರೊವ್ 1933ರಲ್ಲಿ ಈ ಶಾಸ್ತ್ರಕ್ಕೆ ಅಡಿಪಾಯ ಹಾಕಿದಾಗ ತೂಕದ ಬಗ್ಗೆ ಹೇಳಿದ್ದು ಕಡಿಮೆ: ಋಣಸಂಖ್ಯೆ ಆಗಬಾರದು, ಎಲ್ಲ ಸೇರಿ ಒಂದಾಗಬೇಕು, ಒಟ್ಟಿಗೆ ಆಗದ ಘಟನೆಗಳ ತೂಕ ಕೂಡಿಕೊಳ್ಳಬೇಕು. ತೂಕ ಎಲ್ಲಿಂದ ತರಬೇಕು ಅಂತ ಹೇಳಲೇ ಇಲ್ಲ. ಬೇಕಿದ್ರೆ ನಿಮ್ಮ ಡಬ್ಬಿ ತೆಗೆದು ಸಾವಿರ ಸಲ ಎಸೆದು ಬರೆದಿಡೋಣ. ಅಲ್ಲಿಂದ ಬರುತ್ತೆ.

ದೊಡ್ಡಪ್ಪ: ಹುಣಸೆ ಬೀಜ ಸಾವಿರ ಸಲ ಎಸೀಬಹುದು ಮಗಳೇ. ಬೋರು ಸಾವಿರ ಸಲ ಕೊರೆಸೋಕೆ ಆಗ್ತದಾ?

(ಹುಡುಗಿಗೆ ಇಲ್ಲಿ ಕೊಂಚ ಹೊತ್ತು ಮಾತು ಹೊರಡಲಿಲ್ಲ ಎಂದು ಓದುಗರು ಊಹಿಸಿಕೊಳ್ಳಬಹುದು. ಆದರೆ ಪದವಿ ತರಗತಿಯವರು ಹೆಚ್ಚು ಹೊತ್ತು ಸುಮ್ಮನಿರುವವರಲ್ಲ.)

ಹುಡುಗಿ: ನಿಮ್ಮ ಹೊಲದಲ್ಲೇ ಯಾಕೆ? ಸುತ್ತಮುತ್ತ ಊರುಗಳಲ್ಲಿ ಕೊರೆಸಿದ್ದನ್ನೆಲ್ಲ ಸೇರಿಸಿ, ಎಷ್ಟಕ್ಕೆ ಎಷ್ಟು ಅಂತ ನೋಡಬಹುದಲ್ಲ?

ದೊಡ್ಡಪ್ಪ: ಫೇಲಾದ ಬೋರಿಗೆ ಯಾರು ಬೋರ್ಡು ಹಾಕಿಸ್ತಾರೆ? ನೀರು ಬಿದ್ದೋನು ಊರಿಗೆಲ್ಲ ಹೇಳ್ತಾನೆ. ಬೀಳದೋನು ಕಲ್ಲು ಮುಚ್ಚಿ ಸುಮ್ಮನಾಗ್ತಾನೆ, ಸಾಲ ಕೊಟ್ಟೋನಿಗೆ ಗೊತ್ತಾಗಬಾರದು ಅಂತ. ನಿನ್ನ ಲೆಕ್ಕಕ್ಕೆ ಸಿಗೋದೆಲ್ಲ ನೀರೇ. ನನಗೆ ನಾಲ್ಕು ಬೋರು ಹೋದ್ವು. ಇನ್ನು ಐದನೇದಾದ್ರೂ ಬೀಳಬೇಕು, ಅದು ನ್ಯಾಯ.

ಹುಡುಗಿ: ಅದೇ ಜೂಜುಕೋರರ ತಪ್ಪು ದೊಡ್ಡಪ್ಪ. ನಾಲ್ಕು ಸಲ ಬಾಲ ಬಿತ್ತು ಅಂತ ಐದನೇ ಸಲ ತಲೆಗೆ ಹಕ್ಕು ಬರಲ್ಲ. ನಾಣ್ಯಕ್ಕೆ ಹಿಂದಿನದು ನೆನಪಿರಲ್ಲ.

ದೊಡ್ಡಪ್ಪ: ನಾಣ್ಯಕ್ಕೆ ನೆನಪಿಲ್ಲ, ನೆಲಕ್ಕೆ ಐತೆ. ಒಂದೇ ಎಕರೆಯಲ್ಲಿ ನಾಲ್ಕು ಹೋದ್ವು ಅಂದ್ರೆ ಕೆಳಗೆ ಬರೀ ಬಂಡೆ ಅಂತ ಅರ್ಥ. ಪಕ್ಕದ ಹೊಲದೋನು ಇನ್ನೂ ಆಳಕ್ಕೆ ಇಳಿಸಿ ಎಳ್ಕೊಂಡ ಅಂತಾನೂ ಅರ್ಥ. ನೀನು ಬೇಡ ಅಂತ ಹೇಳಬೇಕಾಗಿತ್ತು, ನಾಣ್ಯದ ಕಥೆ ಹೇಳ್ತೀಯಲ್ಲ!

ಹುಡುಗಿ: ಈಗ ತಾನೇ ನ್ಯಾಯ ಅಂದೋರು ನೀವೇ ಅಲ್ವಾ?

ದೊಡ್ಡಪ್ಪ: ನ್ಯಾಯ ಬೇರೆ, ನೆಲ ಬೇರೆ.

ಹುಡುಗಿ: ಹೋಗಲಿ, ನೆಲದ ಮಾತು ನಿಮ್ಮದೇ ಸರಿ. ಹಿಂದಿನದು ತಿಳಿದರೆ ಮುಂದಿನದರ ತೂಕ ಬದಲಾಗುತ್ತೆ ಅನ್ನೋದಾದ್ರೆ ಅವು ಸ್ವತಂತ್ರ ಘಟನೆ ಅಲ್ಲ. ಮಾಲೂರಿನಿಂದ ಇಟ್ಟಿಗೆ ಲೋಡು ಬಂದಾಗ ಎರಡು ಎತ್ಕೊಂಡು ಒಂದಕ್ಕೊಂದು ಬಡಿದು ನೋಡ್ತೀರಲ್ಲ, ಅದೇ ಥರ. ಹತ್ತು ಇಟ್ಟಿಗೆ, ಅದರಲ್ಲಿ ಎರಡು ಬೇಯದ್ದು ಅಂದ್ಕೊಳ್ಳಿ. ಮೊದಲನೇದು ಒಳ್ಳೇದು ಸಿಗೋಕೆ ಹತ್ತರಲ್ಲಿ ಎಂಟು. ಅದನ್ನ ಕೈಯಲ್ಲಿ ಹಿಡ್ಕೊಂಡೇ ಇನ್ನೊಂದು ಎತ್ತಿದ್ರೆ ಒಂಬತ್ತರಲ್ಲಿ ಏಳು. ಎರಡೂ ಒಳ್ಳೇದು ಬರೋದು 90ರಲ್ಲಿ 56, ನೂರಕ್ಕೆ 62. ಮೊದಲನೇದನ್ನ ವಾಪಸ್ ಇಟ್ಟು ಕಲಸಿ ಎತ್ತಿದ್ರೆ ನೂರಕ್ಕೆ 64 ಆಗ್ತಿತ್ತು.

ದೊಡ್ಡಪ್ಪ: ಮೇಲಿನ ಸಾಲಲ್ಲಿ ಬೆಂದದ್ದೇ ಜೋಡಿಸಿರ್ತಾರೆ. ನಾನು ಕೆಳಗಿನದು ಎಳೀತೀನಿ. ನಿನ್ನ 62, 64 ಎರಡೂ ಲೋಡ್ ಮಾಡಿದೋನ ಕೈಯಲ್ಲೈತೆ.

ಹುಡುಗಿ: ಅದಕ್ಕೇ ಯಾದೃಚ್ಛಿಕವಾಗಿ ಆರಿಸಬೇಕು ಅನ್ನೋದು. ಈ ಶಾಸ್ತ್ರ ಹುಟ್ಟಿದ್ದೇ ನಿಮ್ಮಂಥೋರ ಅನುಮಾನದಿಂದ.

ದೊಡ್ಡಪ್ಪ: ಅನುಮಾನ ನನಗೊಬ್ಬನಿಗೇ ಅಲ್ಲ. ಮುಳಬಾಗಿಲು ಕಡೆಯಿಂದ ಒಬ್ಬ ಬರ್ತಾನೆ, ಪಾಯಿಂಟ್ ನೋಡೋನು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸ್ಕೊಂಡು ಹೊಲ ಸುತ್ತುತಾನೆ. ನೀರಿದ್ದ ಕಡೆ ಕಾಯಿ ಎದ್ದು ನಿಲ್ತದೆ. ಹತ್ತರಲ್ಲಿ ಎಂಟು ಸರಿ ಬಂದವೆ ಅಂತಾನೆ. ಅವನು ತೋರಿಸಿದ ಕಡೆ ಕುರುಡುಮಲೆ ಗಣಪತಿಗೆ ಕೈ ಮುಗಿದು ಬಂದು ಲಾರಿ ಕರೆಸೋಣ ಅಂತಿದ್ದೆ.

ಹುಡುಗಿ: ಗಣಪತಿಗೆ ಕೈ ಮುಗೀರಿ, ನಾನೂ ಬರ್ತೀನಿ. ಪಾಯಿಂಟ್ ನೋಡೋನಿಗೆ ಮಾತ್ರ ಒಂದು ಪ್ರಶ್ನೆ. ಅವನು ಹೇಳಿದ ಕಡೆ ಹತ್ತಕ್ಕೆ ಎಂಟು ಸರಿ. ಆ ಊರಲ್ಲೇ ಅವನನ್ನ ಕೇಳದೆ ಕೊರೆಸಿದೋರಿಗೆ ಹತ್ತಕ್ಕೆ ಎಷ್ಟು ಬಿತ್ತು? ಅವರಿಗೂ ಎಂಟೇ ಅಂದ್ರೆ ತೆಂಗಿನಕಾಯಿ ಏನು ಕೆಲಸ ಮಾಡಿದ ಹಾಗಾಯ್ತು?

ದೊಡ್ಡಪ್ಪ: ಅದೇನೋ ಸರಿಯಾದ ಪ್ರಶ್ನೆ. ಆದ್ರೆ ಉತ್ತರ ಸಿಗಲ್ಲ. ಅವನನ್ನ ಕೇಳದೆ ಕೊರೆಸಿದೋನು ಈ ಕಡೆ ಒಬ್ಬನೂ ಇಲ್ಲ. ಇನ್ನೊಂದು ಹೇಳ್ತೀನಿ ಕೇಳು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಡೆಯ ಕೊಳಚೆ ನೀರನ್ನ ಸಂಸ್ಕರಿಸಿ ನಮ್ಮ ಜಿಲ್ಲೆ ಕೆರೆಗಳಿಗೆ ಬಿಟ್ರಲ್ಲ, ಕೆ.ಸಿ. ವ್ಯಾಲಿ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂತು. ಆಮೇಲೆ ಕೆರೆ ಸುತ್ತಮುತ್ತ ಬತ್ತಿದ್ದ ಬೋರೆಲ್ಲ ಎದ್ದು ಕೂತವು. ನೀನು 2017ರವರೆಗೆ ಎಷ್ಟೇ ಅಚ್ಚುಕಟ್ಟಾಗಿ ಎಣಿಸಿದ್ದರೂ 2019ಕ್ಕೆ ಅದು ಯಾವ ಉಪಯೋಗಕ್ಕೆ?

ಹುಡುಗಿ: ಪ್ರಯೋಗವೇ ಬದಲಾಯ್ತು ಅಂತ ಹೇಳೋಕೆ ಉಪಯೋಗ. ಹಳೇ ಎಣಿಕೆ ಇಲ್ಲದಿದ್ರೆ, ನೀರು ಬಂದಿದ್ದು ಕೆರೆಯಿಂದಲೋ ಒಳ್ಳೇ ಮಳೆಯಿಂದಲೋ ಅಂತ ಜಗಳ ಆಡ್ತಾ ಇರಬೇಕು.

ದೊಡ್ಡಪ್ಪ: ಈಗಲೂ ಆಡ್ತಾ ಅವ್ರೆ.

ಇಲ್ಲಿಗೆ ಮಾತು ನೀರಿನಿಂದ ಮಾವಿಗೆ ತಿರುಗಿತು. ಶ್ರೀನಿವಾಸಪುರದಲ್ಲಿ ತಿರುಗದೇ ಇರುವುದು ಕಷ್ಟ. ತೋಟದ ಫಸಲನ್ನು ಹೂ ಬಿಟ್ಟಾಗಲೇ ಗುತ್ತಿಗೆಗೆ ಕೊಡುವುದು ಅಲ್ಲಿನ ರೂಢಿ. ಕಾಯಿ ಕಟ್ಟುವ ಮೊದಲೇ ಬೆಲೆ ಕಟ್ಟಬೇಕು.

ದೊಡ್ಡಪ್ಪ: ಒಂದೇ ತೋಟ, ಒಂದೇ ಹೂವು. ಒಬ್ಬ ನಾಲ್ಕು ಲಕ್ಷ ಅಂತಾನೆ, ಇನ್ನೊಬ್ಬ ಎರಡೂವರೆ. ನಿನ್ನ ಸಂಭವನೀಯತೆ ಒಂದೇ ಇರಬೇಕಲ್ಲ, ಇಬ್ಬರಿಗೆ ಎರಡು ಯಾಕೆ?

ಹುಡುಗಿ: ಸಂಭವನೀಯತೆ ಮರದಲ್ಲಿಲ್ಲ, ನೋಡೋನ ತಲೆಯಲ್ಲಿದೆ ಅನ್ನೋ ಪಂಗಡವೂ ಇದೆ. ಯಾರು ಎಷ್ಟು ಪಂದ್ಯ ಕಟ್ಟೋಕೆ ತಯಾರೋ ಅದೇ ಅವರ ಸಂಭವನೀಯತೆ ಅಂತಾರೆ. ಇಟಲಿಯ ಡಿ ಫಿನೆಟ್ಟಿ ಹಾಗೆ ವಾದಿಸಿದ.

ದೊಡ್ಡಪ್ಪ: ಅವನ್ಯಾರೋ ನಮ್ಮ ಮಂಡಿಗೆ ಬಂದಿದ್ದನೇನೋ. ಹಂಗಾದ್ರೆ ನಾನು ಹೇಳಿದ್ದೇ ಲೆಕ್ಕ, ಮುಗೀತು.

ಹುಡುಗಿ: ಮುಗೀಲಿಲ್ಲ, ಅಲ್ಲೂ ಒಂದು ಕಟ್ಟು ಇದೆ. ಫಸಲು ಚೆನ್ನಾಗಿ ಬರೋದು ಹತ್ತಕ್ಕೆ ಏಳು, ಬರದಿರೋದು ಹತ್ತಕ್ಕೆ ಐದು ಅಂತ ನೀವು ಹೇಳಿದ್ರಿ ಅನ್ಕೊಳ್ಳಿ. ನಾನು ಎರಡು ಚೀಟಿ ಮಾರ್ತೀನಿ. ಫಸಲು ಬಂದ್ರೆ ನೂರು ರೂಪಾಯಿ ಕೊಡೋ ಚೀಟಿ ನಿಮ್ಮ ಲೆಕ್ಕಕ್ಕೆ 70 ರೂಪಾಯಿ. ಬರದಿದ್ರೆ ನೂರು ಕೊಡೋ ಚೀಟಿ 50. ಎರಡೂ ತಗೊಂಡ್ರಿ, 120 ಕೊಟ್ರಿ. ಏನೇ ಆದ್ರೂ ವಾಪಸ್ ಬರೋದು ನೂರೇ. ಮಳೆ ಬರಲಿ ಬಿಡಲಿ, ನನಗೆ 20 ಲಾಭ. ಮನಸ್ಸಿಗೆ ಬಂದಷ್ಟು ಹೇಳಬಹುದು, ಆದ್ರೆ ಎಲ್ಲ ಸೇರಿ ಒಂದು ಆಗಲೇಬೇಕು.

ದೊಡ್ಡಪ್ಪ: ಇದನ್ನ ಕಲಿಸಿಬಿಟ್ರೆ ನೀನೇ ಗುತ್ತಿಗೆದಾರಳಾಗ್ತೀಯ! ವಿಮೆಯವರು ಇದನ್ನ ಚೆನ್ನಾಗೇ ಕಲಿತವ್ರೆ. ಮಾವಿಗೆ ಹವಾಮಾನ ಆಧಾರಿತ ವಿಮೆ, ವಿಮೆ ಮೊತ್ತದಲ್ಲಿ ನೂರಕ್ಕೆ ಐದು ನಾನು ಕಟ್ಟಬೇಕು. ಕಟ್ಟಿದೆ. ಕಾಲವಲ್ಲದ ಕಾಲದಲ್ಲಿ ಮಳೆ ಬಂದು ಹೂವೆಲ್ಲ ತೊಳ್ಕೊಂಡು ಹೋಯ್ತು. ಮಾಪಕ ಇರೋ ಕಡೆ ಮಳೆ ಅಷ್ಟು ಬಿದ್ದಿಲ್ಲ ಅಂದ್ರು.

ಹುಡುಗಿ: ಅವರ ಕಾಗದದಲ್ಲಿ ಘಟನೆ ಅಂದ್ರೆ ‘ಮಾಪಕದಲ್ಲಿ ಇಷ್ಟು ಮಿಲಿಮೀಟರ್ ಮೀರಿದ್ದು’. ‘ನಿಮ್ಮ ಹೂವು ಉದುರಿದ್ದು’ ಅನ್ನೋದು ಆ ಪಟ್ಟಿಯಲ್ಲೇ ಇಲ್ಲ.

ದೊಡ್ಡಪ್ಪ: ಪಟ್ಟಿ ಬರೆದೋನು ಯಾರು? ನಾನಂತೂ ಅಲ್ಲ.

ಹುಡುಗಿ: (ತಡೆದು) ಅದು ಸಂಖ್ಯಾಶಾಸ್ತ್ರದ ಪ್ರಶ್ನೆ ಅಲ್ಲ ದೊಡ್ಡಪ್ಪ.

ದೊಡ್ಡಪ್ಪ: ಇದೊಂದು ಬಿಟ್ಟು ಬಾಕಿಯೆಲ್ಲ ನಿಮ್ಮದು, ಅಲ್ವಾ?

(ಈ ಒಂದು ವಿಷಯದಲ್ಲಿ ನಾನು ರೈತನ ಪಕ್ಷ. ಫಲಿತಗಣವನ್ನು ಕೈಗೆ ಕೊಟ್ಟು ‘ಈಗ ಎಣಿಸು’ ಎನ್ನುವ ಪಾಠ ಅರ್ಧ ಪಾಠ. ಎಣಿಸುವುದನ್ನು ಯಂತ್ರವೂ ಮಾಡೀತು, ಏನನ್ನು ಎಣಿಸಬೇಕೆಂದು ಗೊತ್ತುಮಾಡುವುದಕ್ಕೇ ಮನುಷ್ಯರು ಬೇಕು.)

ಹುಡುಗಿ: ಸರಿ, ಹಾಗಾದ್ರೆ ಪಟ್ಟಿ ನೀವೇ ಬರೀರಿ. ಟೊಮೇಟೊ ಬೆಲೆ. ಹದಿನೈದು ಕೆಜಿ ಬಾಕ್ಸಿಗೆ ಏನೇನಾಗಬಹುದು?

ದೊಡ್ಡಪ್ಪ: 2023ರ ಜುಲೈನಲ್ಲಿ ಬಾಕ್ಸು ಎರಡು ಸಾವಿರ ದಾಟಿತು. ಬಿಂಗಿ ರೋಗ ಬಂದು ಎಲೆ ಮುದುರಿ ಊರೂರಿನ ಬೆಳೆ ಹೋಗಿತ್ತು, ಉಳಿಸಿಕೊಂಡೋರು ಗೆದ್ರು. ಅದನ್ನ ನೋಡಿ ಎಲ್ಲರೂ ನಾಟಿ ಮಾಡಿದ್ರು. ಎರಡು ತಿಂಗಳಲ್ಲಿ ಬೆಲೆ ನೆಲ ಕಚ್ಚಿತು. ಮದನಪಲ್ಲಿಯಲ್ಲಿ ಬೆಳೆ ಎಷ್ಟೈತೆ, ಉತ್ತರದಲ್ಲಿ ಮಳೆ ಎಷ್ಟು, ಎಲ್ಲ ಇದರೊಳಗೆ ಬರ್ತದೆ. ಏನು ಪಟ್ಟಿ ಬರೀಲಿ?

ಹುಡುಗಿ: ಸೊನ್ನೆಯಿಂದ ಮೇಲಕ್ಕೆ ಎಷ್ಟು ಬೇಕಾದ್ರೂ. ಇಂಥ ಕಡೆ ಸಾಲುಸಾಲಾಗಿ ಪಟ್ಟಿ ಮಾಡಲ್ಲ, ಒಂದು ಗೆರೆ ಎಳೀತೀವಿ. ‘300ರಿಂದ 500ರೊಳಗೆ’ ಅನ್ನೋದು ಘಟನೆ.

ದೊಡ್ಡಪ್ಪ: ಸೊನ್ನೆಯಿಂದ ಯಾಕೆ? ಕೀಳೋ ಕೂಲಿ, ಗಾಡಿ ಬಾಡಿಗೆ ಕಳೆದು ನಾನೇ ಕೈಯಿಂದ ಕೊಟ್ಟು ಬಂದ ದಿನ ಅವೆ.

ಹುಡುಗಿ: ಅದು ಬೆಲೆ ಅಲ್ಲ, ನಿಮ್ಮ ಉಳಿಕೆ. ಮಂಡಿಯ ಒಂದೊಂದು ಫಲಿತಕ್ಕೂ ನಿಮ್ಮ ಜೇಬಿನಲ್ಲಿ ಒಂದೊಂದು ಸಂಖ್ಯೆ. ಹಾಗೆ ಹೊಂದಿಸೋದಕ್ಕೆ ಯಾದೃಚ್ಛಿಕ ಚಲಕ ಅಂತೀವಿ. ಅದು ಸೊನ್ನೆಗಿಂತ ಕೆಳಗೂ ಇಳಿಯಬಹುದು. ಒಂದೇ ಹರಾಜು, ದಲ್ಲಾಳಿ ಜೇಬಿನ ಚಲಕ ಬೇರೆ, ನಿಮ್ಮದು ಬೇರೆ.

ದೊಡ್ಡಪ್ಪ: ಅವನದು ಸೊನ್ನೆಗಿಂತ ಕೆಳಗೆ ಇಳಿಯೋದೇ ಇಲ್ಲ. ಅದನ್ನ ಬರ್ಕೋ. ಈಗ ಬೋರಿನ ಪಟ್ಟಿಗೆ ಬಾ, ಏನು ಬರೆದೆ?

ಹುಡುಗಿ: ನೀರೇ ಇಲ್ಲ. ಬಿತ್ತು, ಆದ್ರೆ ಬೇಸಿಗೆಗೆ ನಿಲ್ಲುತ್ತೆ. ಒಂದಿಂಚು. ಎರಡಿಂಚು, ಇಲ್ಲ ಅದಕ್ಕೂ ಜಾಸ್ತಿ. ಅರ್ಧದಲ್ಲೇ ಕೊರೆಯೋದು ನಿಲ್ಲಿಸಬೇಕಾಗುತ್ತೆ. ಕೊನೇಗೆ ‘ಇತರೆ’.

ದೊಡ್ಡಪ್ಪ: ‘ಇತರೆ’ ಅಂದ್ರೆ?

ಹುಡುಗಿ: ನಮಗೆ ತೋಚದ್ದು. ಪಟ್ಟಿ ಪೂರ್ತಿ ಆಗಬೇಕಲ್ಲ, ಅದಕ್ಕೆ.

ದೊಡ್ಡಪ್ಪ: ತೋಚದ್ದಕ್ಕೆ ಎಷ್ಟು ತೂಕ ಇಟ್ಟೆ?

ಹುಡುಗಿ: ನೂರಕ್ಕೆ ಐದು.

ದೊಡ್ಡಪ್ಪ: ಮೂವತ್ತು ಮಾಡು. 2018ರ ನೀರು ‘ಇತರೆ’. 2020ರಲ್ಲಿ ಮಾವು ಬರೋ ಹೊತ್ತಿಗೆ ಲಾಕ್‌ಡೌನ್, ಅದೂ ‘ಇತರೆ’. ಬಾಕ್ಸಿಗೆ ಎರಡು ಸಾವಿರ, ಅದನ್ನ ಯಾರು ಬರೆದಿಟ್ಟಿದ್ರು? ನನ್ನ ಆಯುಸ್ಸಲ್ಲಿ ದೊಡ್ಡದೆಲ್ಲ ಆ ಕಡೇ ಸಾಲಿಂದಲೇ ಬಂದೈತೆ.

ಹುಡುಗಿ: ಮೂವತ್ತು ಇಟ್ರೆ ಬಾಕಿ ಸಾಲಿಗೆಲ್ಲ ಸೇರಿ ಎಪ್ಪತ್ತೇ ಉಳಿಯೋದು. ಆಮೇಲೆ ಯಾವ ಲೆಕ್ಕಾನೂ ಏನೂ ಹೇಳಲ್ಲ. ಕೊರೆಸಿ ಅನ್ನೋಕೂ ಆಗಲ್ಲ, ಬೇಡ ಅನ್ನೋಕೂ ಆಗಲ್ಲ.

ದೊಡ್ಡಪ್ಪ: ಐದೇ ಇಟ್ರೆ ಹೇಳ್ತದಾ?

ಹುಡುಗಿ: ಹೇಳುತ್ತೆ. ನಾಲ್ಕು ಫೇಲಾದ ಜಾಗದಲ್ಲಿ ಬೇಡ ಅಂತ.

ದೊಡ್ಡಪ್ಪ: ಮೂವತ್ತೇ ಇರಲಿ ಬಿಡು. ಲಾರಿಯವನಿಗೆ ಆಗಲೇ ಅಡ್ವಾನ್ಸ್ ಕೊಟ್ಟಾಗೈತೆ.